ಹರಿವಿನ ಲೆಕ್ಕಕ್ಕೆ ಮೆಶ್: ದುಬಾರಿ ಲೈಸೆನ್ಸ್ ಇಲ್ಲದೆ ಎಲ್ಲಿಯವರೆಗೆ ಸಾಗಬಹುದು?

ಬೆಳಗಾವಿಯ ಉದ್ಯಮಬಾಗ ಮತ್ತು ಮಚ್ಛೆಯ ಕೈಗಾರಿಕಾ ಪ್ರದೇಶಗಳಲ್ಲಿ ಪಂಪಿನ ಕೇಸಿಂಗ್, ವಾಲ್ವಿನ ಬಾಡಿ, ಹೈಡ್ರಾಲಿಕ್ ಬ್ಲಾಕ್ ಮುಂತಾದವನ್ನು ಎರಕ ಹೊಯ್ದು, ಕೊರೆದು, ಕಳಿಸಿಕೊಡುವ ಘಟಕಗಳು ಬಹಳ ಇವೆ. ಇಂಥ ಭಾಗಗಳನ್ನು ಕೊಳ್ಳುವವರು ಡ್ರಾಯಿಂಗಿನ ಜೊತೆಗೆ ಇನ್ನೊಂದು ಕಾಗದವನ್ನೂ ಕೇಳುವುದುಂಟು: ಭಾಗದೊಳಗೆ ನೀರು ಅಥವಾ ಎಣ್ಣೆ ಹೇಗೆ ಹರಿಯುತ್ತದೆ, ಒತ್ತಡ ಎಲ್ಲಿ ಎಷ್ಟು ಕಳೆದುಹೋಗುತ್ತದೆ ಎಂಬುದರ ವಿಶ್ಲೇಷಣಾ ವರದಿ. ಸಣ್ಣ ಘಟಕಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗ ಇರುವುದಿಲ್ಲವಾದ್ದರಿಂದ, ಕಂಪನಿಯ ಕೆಲಸ ಬಿಟ್ಟು ಸ್ವಂತವಾಗಿ ದುಡಿಯುತ್ತಿರುವ ಇಂಜಿನಿಯರಿಗೋ, ಪದವಿ ಮುಗಿಸಿ ಊರಲ್ಲೇ ನೆಲೆ ನಿಲ್ಲಬೇಕೆಂದಿರುವ ಹುಡುಗ ಹುಡುಗಿಯರಿಗೋ ಈ ಕೆಲಸ ಒದಗಿಬರುತ್ತದೆ.

ಕಂಪ್ಯೂಟರಿನಲ್ಲಿ ದ್ರವ ಮತ್ತು ಅನಿಲಗಳ ಹರಿವನ್ನು ಲೆಕ್ಕ ಹಾಕುವ ಈ ವಿಧಾನವನ್ನು ಎಲ್ಲರೂ ಸಿಎಫ್‌ಡಿ ಎಂದು ಕರೆಯುತ್ತಾರೆ. ಲೆಕ್ಕ ಬಿಡಿಸುವ ತಂತ್ರಾಂಶ, ಅಂದರೆ ಸಾಲ್ವರ್, ಈಗ ದುಡ್ಡಿನ ಸಮಸ್ಯೆಯಾಗಿ ಉಳಿದಿಲ್ಲ. ಓಪನ್‌ಫೋಮ್ 2004ರಿಂದ ಮುಕ್ತ ತಂತ್ರಾಂಶವಾಗಿ ಸಿಗುತ್ತಿದೆ. ಒಂಟಿಯಾಗಿ ಕೆಲಸ ಮಾಡುವವರು ಸಿಕ್ಕಿಬೀಳುವುದು ಅದಕ್ಕಿಂತ ಒಂದು ಹೆಜ್ಜೆ ಮೊದಲು, ಮೆಶ್ ತಯಾರಿಸುವ ಹಂತದಲ್ಲಿ. ಹೆಸರಾಂತ ವಾಣಿಜ್ಯ ಮೆಶಿಂಗ್ ತಂತ್ರಾಂಶಗಳ ವಾರ್ಷಿಕ ಲೈಸೆನ್ಸ್ ಲಕ್ಷಗಳ ಲೆಕ್ಕದಲ್ಲಿರುತ್ತದೆ. ಉಚಿತವಾಗಿ ಸಿಗುವವು ಹಲವಿದ್ದರೂ ಯಾವುದು ಯಾವ ಕೆಲಸಕ್ಕೆ ಆಗಿಬರುತ್ತದೆ ಎಂಬುದು ಹೊಸಬರಿಗೆ ತಿಳಿಯುವುದಿಲ್ಲ. ಇದನ್ನು ನಿರ್ಧರಿಸಬೇಕಾದರೆ ಮೊದಲು ಮೆಶ್ ಏನು ಮಾಡುತ್ತದೆ, ಅದರಲ್ಲಿ ಕಷ್ಟದ ಭಾಗ ಯಾವುದು ಎಂಬುದು ಗೊತ್ತಿರಬೇಕು.

ಮೆಶ್ ಏಕೆ ಬೇಕು

ಹರಿವನ್ನು ಆಳುವ ಸಮೀಕರಣಗಳಿಗೆ ನೇವಿಯರ್-ಸ್ಟೋಕ್ಸ್ ಸಮೀಕರಣಗಳೆಂದು ಹೆಸರು. ವಾಲ್ವಿನ ಒಳಭಾಗದಂಥ ಅಂಕುಡೊಂಕಾದ ಜಾಗಕ್ಕೆ ಇವುಗಳನ್ನು ಕೈಯಿಂದ ಬಿಡಿಸಿ ಒಂದು ಸೂತ್ರ ಪಡೆಯಲು ಆಗುವುದಿಲ್ಲ. ಹಾಗಾಗಿ ಹರಿವಿನ ಜಾಗವನ್ನು ಲಕ್ಷಾಂತರ ಪುಟ್ಟ ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ವೇಗ ಮತ್ತು ಒತ್ತಡದ ಒಂದೊಂದು ಸರಾಸರಿ ಬೆಲೆಯನ್ನು ಕಂಡುಹಿಡಿಯಲಾಗುತ್ತದೆ. ಆ ತುಂಡುಗಳ ಒಟ್ಟು ಜೋಡಣೆಯೇ ಮೆಶ್. ಒಂದೊಂದು ತುಂಡು ಒಂದೊಂದು ಸೆಲ್.

ಕಬ್ಬಿನ ಹೊಲಕ್ಕೆ ಕಾಲುವೆ ನೀರು ಬಿಟ್ಟವರಿಗೆ ಈ ಲೆಕ್ಕದ ತಿರುಳು ಕಷ್ಟವಾಗದು. ಹೊಲವನ್ನು ಬದು ಹಾಕಿ ಮಡಿಗಳಾಗಿ ಮಾಡಿದರೆ, ಒಂದು ಮಡಿಯ ಬದುವಿನ ಬಾಯಿಂದ ಹೊರಬಿದ್ದ ನೀರು ಅಷ್ಟೂ ಪಕ್ಕದ ಮಡಿಗೆ ಹೋಗಲೇಬೇಕು, ನಡುವೆ ಮಾಯವಾಗುವಂತಿಲ್ಲ. ಸೆಲ್‌ಗಳ ಲೆಕ್ಕವೂ ಇದೇ ನಿಯಮದ್ದು. ಪ್ರತಿ ಸೆಲ್ಲಿನ ಪ್ರತಿ ಮುಖದ ಮೂಲಕ ಎಷ್ಟು ಒಳಬಂತು, ಎಷ್ಟು ಹೊರಹೋಯಿತು ಎಂಬುದನ್ನು ತಾಳೆ ಹಾಕುತ್ತ, ಎಲ್ಲ ಸೆಲ್‌ಗಳ ಲೆಕ್ಕ ಹೊಂದುವವರೆಗೆ ಸಾಲ್ವರ್ ಮತ್ತೆ ಮತ್ತೆ ತಿದ್ದುತ್ತದೆ. ಮಡಿಗಳು ಸೊಟ್ಟಗಿದ್ದು, ಒಂದು ತೀರ ದೊಡ್ಡದು ಪಕ್ಕದ್ದು ತೀರ ಚಿಕ್ಕದು ಇದ್ದರೆ ನೀರು ಹಾಯಿಸುವವನಿಗೆ ಆಗುವ ಪೇಚಾಟವೇ ಸೊಟ್ಟ ಸೆಲ್‌ಗಳಿಂದ ಸಾಲ್ವರಿಗೂ ಆಗುತ್ತದೆ: ಲೆಕ್ಕ ಹೊಂದುವುದಿಲ್ಲ, ಅಥವಾ ಹೊಂದಿದಂತೆ ಕಂಡರೂ ಉತ್ತರ ತಪ್ಪಿರುತ್ತದೆ.

ಸೆಲ್‌ಗಳಿಗೆ ಕೆಲವು ಸಾಮಾನ್ಯ ಆಕಾರಗಳಿವೆ. ಆರು ಮುಖದ ಇಟ್ಟಿಗೆಯಾಕಾರದವನ್ನು ಹೆಕ್ಸ್ ಎನ್ನುತ್ತಾರೆ. ಹರಿವಿನ ದಿಕ್ಕಿಗೆ ಹೊಂದಿಸಿದರೆ ಕಡಿಮೆ ಸಂಖ್ಯೆಯಲ್ಲೇ ಒಳ್ಳೆಯ ಉತ್ತರ ಕೊಡುತ್ತವೆ, ಆದರೆ ಜಟಿಲ ಆಕಾರದೊಳಗೆ ಅವನ್ನು ಕೂರಿಸುವುದು ಕಷ್ಟ. ನಾಲ್ಕು ಮುಖದ ಟೆಟ್ರಾ ಸೆಲ್‌ಗಳು ಎಂಥ ಮೂಲೆಯನ್ನಾದರೂ ತುಂಬುತ್ತವೆ, ಆದರೆ ಸಂಖ್ಯೆ ಬಹಳ ಬೇಕಾಗುತ್ತದೆ. ಗೋಡೆಯ ಪಕ್ಕದಲ್ಲಿ ಪದರ ಪದರವಾಗಿ ಕೂರುವ ಚಪ್ಪಟೆಯವು ಪ್ರಿಸಂ. ತಂತ್ರಾಂಶಗಳ ನಡುವಿನ ದರದ ಅಂತರವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಪ್ರಿಸಂ ಪದರಗಳೇ.

ಗೋಡೆಯ ಪಕ್ಕದ ತೊಡಕು

ಕೊಳವೆಯ ನಟ್ಟನಡುವೆ ನೀರು ಜೋರಾಗಿ ಹರಿಯುತ್ತಿದ್ದರೂ ಗೋಡೆಗೆ ತಾಗಿದ ನೀರಿನ ವೇಗ ಸೊನ್ನೆ. ಸೊನ್ನೆಯಿಂದ ಪೂರ್ಣ ವೇಗಕ್ಕೆ ಏರುವ ಬದಲಾವಣೆಯ ಬಹುಪಾಲು ಗೋಡೆಗೆ ಅಂಟಿಕೊಂಡ ತೆಳುವಾದ ಪದರದಲ್ಲೇ ನಡೆದುಹೋಗುತ್ತದೆ. ಘರ್ಷಣೆ, ಒತ್ತಡ ನಷ್ಟ, ಶಾಖದ ವರ್ಗಾವಣೆ ಇವೆಲ್ಲ ಹುಟ್ಟುವುದು ಅಲ್ಲಿಯೇ. ಆ ಪದರವನ್ನು ಹಿಡಿಯದ ಮೆಶ್ ಕಣ್ಣಿಗೆ ಎಷ್ಟು ಚೆನ್ನಾಗಿ ಕಂಡರೂ ಒತ್ತಡ ನಷ್ಟದ ಅಂಕಿಯನ್ನು ಸರಿಯಾಗಿ ಕೊಡಲಾರದು.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿಯೇ ನೋಡಬಹುದು. ಒಳವ್ಯಾಸ 100 ಮಿ.ಮೀ. ಇರುವ ನುಣುಪಾದ ಕೊಳವೆಯಲ್ಲಿ ನೀರು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹರಿಯುತ್ತಿದೆ ಎಂದುಕೊಳ್ಳಿ. ವೇಗವನ್ನು ವ್ಯಾಸದಿಂದ ಗುಣಿಸಿ ನೀರಿನ ಸ್ನಿಗ್ಧತೆಯಿಂದ ಭಾಗಿಸಿದರೆ ಬರುವ ರೆನಾಲ್ಡ್ಸ್ ಸಂಖ್ಯೆ ಇಲ್ಲಿ 2 ಲಕ್ಷ. ಕೊಳವೆಯಲ್ಲಿ ಈ ಸಂಖ್ಯೆ ಸುಮಾರು 2,300ನ್ನು ದಾಟಿದ ಮೇಲೆ ಹರಿವು ಕದಡತೊಡಗುತ್ತದೆ. ಹಾಗಾಗಿ ನಮ್ಮದು ಪೂರ್ತಿ ಕದಡಿದ ಹರಿವು, ಅಂದರೆ ಟರ್ಬ್ಯುಲೆಂಟ್. ಇಂಥ ಹರಿವಿನಲ್ಲಿ ಗೋಡೆಯಿಂದ ಮೊದಲ ಸೆಲ್ಲಿನ ನಡುಬಿಂದು ಎಷ್ಟು ದೂರವಿರಬೇಕು ಎಂಬುದನ್ನು ವೈ-ಪ್ಲಸ್ ಎಂಬ ಅಳತೆಯಿಂದ ಹೇಳುತ್ತಾರೆ. ಗೋಡೆಯ ಪಕ್ಕದ ಹರಿವನ್ನು ಪೂರ್ತಿಯಾಗಿ ಬಿಡಿಸುವುದಾದರೆ ವೈ-ಪ್ಲಸ್ ಸುಮಾರು 1 ಇರಬೇಕು. ಅಲ್ಲಿನ ವರ್ತನೆಗೆ ವಾಲ್ ಫಂಕ್ಷನ್ ಎಂಬ ಸಿದ್ಧ ಸೂತ್ರವನ್ನು ಬಳಸುವುದಾದರೆ 30ರಿಂದ 300ರ ನಡುವೆ ಇದ್ದರೆ ಸಾಕು.

ನಮ್ಮ ಕೊಳವೆಗೆ ವೈ-ಪ್ಲಸ್ 1 ಎಂದರೆ ಗೋಡೆಯಿಂದ ಸುಮಾರು 0.011 ಮಿ.ಮೀ.; 30 ಎಂದರೆ ಸುಮಾರು 0.34 ಮಿ.ಮೀ. ಈ ಅಂತರ ನಡುಬಿಂದುವಿನದು, ಸೆಲ್ಲಿನ ದಪ್ಪ ಇದರ ಎರಡರಷ್ಟು. ಪ್ರತಿ ಪದರವನ್ನೂ ಹಿಂದಿನದಕ್ಕಿಂತ 1.2 ಪಟ್ಟು ದಪ್ಪ ಮಾಡುತ್ತ ನಡುವಿನ 2 ಮಿ.ಮೀ. ಸೆಲ್‌ಗಳವರೆಗೆ ತಲುಪಬೇಕಾದರೆ, ಮೊದಲ ಹಾದಿಯಲ್ಲಿ ಸುಮಾರು 25 ಪದರಗಳು ಬೇಕು, ಎರಡನೆಯದರಲ್ಲಿ ಏಳು ಸಾಕು. ನೇರ ಕೊಳವೆಯಲ್ಲಿ 25 ಪದರ ಹಾಕುವುದು ಯಾವ ತಂತ್ರಾಂಶಕ್ಕೂ ಕಷ್ಟವಲ್ಲ. ವಾಲ್ವಿನ ಸೀಟಿನ ಸಂದಿಯಲ್ಲಿ, ಪಂಪಿನ ವಾಲ್ಯೂಟ್ ಎಂಬ ಸುರುಳಿ ಕೇಸಿಂಗಿನ ನಾಲಿಗೆಯ ತುದಿಯಲ್ಲಿ, ಎರಡು ರಂಧ್ರಗಳು ಓರೆಯಾಗಿ ಕೂಡುವ ಮೂಲೆಯಲ್ಲಿ ಅದೇ ಪದರಗಳನ್ನು ಮುರಿಯದಂತೆ ಎಳೆದುಕೊಂಡು ಹೋಗುವುದು ಕಷ್ಟ. ವಾಣಿಜ್ಯ ತಂತ್ರಾಂಶದ ಬೆಲೆಯ ದೊಡ್ಡ ಪಾಲು ಈ ಒಂದು ಸಾಮರ್ಥ್ಯಕ್ಕೆ ಸಲ್ಲುತ್ತದೆ ಎಂದರೆ ತಪ್ಪಾಗದು.

ಇಲ್ಲಿ ನಮ್ಮ ಊರಿನ ಹೈಡ್ರಾಲಿಕ್ ಕೆಲಸಕ್ಕೆ ಸಂಬಂಧಿಸಿದ ಒಂದು ಸಮಾಧಾನದ ಸಂಗತಿಯಿದೆ. 46ನೇ ದರ್ಜೆಯ ಹೈಡ್ರಾಲಿಕ್ ಎಣ್ಣೆಯ ಸ್ನಿಗ್ಧತೆ 40 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ, ಕೋಣೆಯ ತಾಪದ ನೀರಿಗಿಂತ ಸುಮಾರು 46 ಪಟ್ಟು ಹೆಚ್ಚು ಎಂದು ಹಿಡಿದರೆ, 10 ಮಿ.ಮೀ. ರಂಧ್ರದಲ್ಲಿ ಅದು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹರಿದರೂ ರೆನಾಲ್ಡ್ಸ್ ಸಂಖ್ಯೆ 650ರ ಆಸುಪಾಸಿನಲ್ಲೇ ಇರುತ್ತದೆ. ಅಂದರೆ ಹರಿವು ಕದಡುವುದೇ ಇಲ್ಲ, ವೈ-ಪ್ಲಸ್‌ನ ಗೊಡವೆಯಿಲ್ಲ. ಸಂದಿಯ ಅಡ್ಡಕ್ಕೆ ಹತ್ತಾರು ಸೆಲ್‌ಗಳು ಬರುವಂತೆ ನೋಡಿಕೊಂಡರೆ ಉಚಿತ ಸಾಧನಗಳಲ್ಲಿ ಮಾಡಿದ ಸಾಧಾರಣ ಮೆಶ್ ಕೂಡ ಚೆನ್ನಾಗಿಯೇ ನಡೆಯುತ್ತದೆ. ಅದೇ ರಂಧ್ರದಲ್ಲಿ ನೀರು ಹರಿದರೆ ಸಂಖ್ಯೆ 30,000ಕ್ಕೆ ಏರಿ, ಮೇಲಿನ ತೊಡಕೆಲ್ಲ ಮರಳಿ ಬರುತ್ತದೆ. ಸಾಧನ ಆರಿಸುವ ಮೊದಲು ನಿಮ್ಮ ಬಳಿ ಬರುವ ಕೆಲಸಗಳ ರೆನಾಲ್ಡ್ಸ್ ಸಂಖ್ಯೆಯನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

ಸೆಲ್‌ಗಳ ಸಂಖ್ಯೆ ಮತ್ತು ನಿಮ್ಮ ಕಂಪ್ಯೂಟರ್

ಮೇಲಿನ ಕೊಳವೆಯ ಒಂದು ಮೀಟರ್ ಉದ್ದವನ್ನು 2 ಮಿ.ಮೀ. ಘನಗಳಿಂದ ತುಂಬಿದರೆ ಸುಮಾರು 9.8 ಲಕ್ಷ ಸೆಲ್‌ಗಳಾಗುತ್ತವೆ. ಘನದ ಅಳತೆಯನ್ನು 1 ಮಿ.ಮೀ.ಗೆ ಇಳಿಸಿದರೆ 78 ಲಕ್ಷ, ಅರ್ಧ ಮಿ.ಮೀ.ಗೆ ಇಳಿಸಿದರೆ 6 ಕೋಟಿಗೂ ಮೇಲೆ. ಪ್ರತಿ ದಿಕ್ಕಿನಲ್ಲೂ ಅರ್ಧ ಮಾಡಿದಾಗ ಸಂಖ್ಯೆ ಎಂಟು ಪಟ್ಟಾಗುತ್ತದೆ. ಕಾಲದೊಂದಿಗೆ ಬದಲಾಗುವ ಹರಿವಾದರೆ ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕಾಗುವುದರಿಂದ ದುಡಿಮೆ ಹದಿನಾರು ಪಟ್ಟಾಗುತ್ತದೆ.

ಓಪನ್‌ಫೋಮ್‌ನಲ್ಲಿ ಹತ್ತು ಲಕ್ಷ ಸೆಲ್‌ಗಳಿಗೆ ಒಂದರಿಂದ ಎರಡು ಜಿಬಿ ರ‍್ಯಾಮ್ ಬೇಕಾಗುತ್ತದೆ ಎಂಬುದು ಬಳಕೆಯಲ್ಲಿರುವ ಅಂದಾಜು. ಮೆಶ್ ತಯಾರಿಸುವ ಹಂತದಲ್ಲಿ ಇನ್ನೂ ಹೆಚ್ಚು ಬೇಕಾಗಬಹುದು. 16 ಜಿಬಿಯ ಲ್ಯಾಪ್‌ಟಾಪ್ ಇರುವವರು ಕೋಟಿ ಸೆಲ್ ತಯಾರಿಸಬಲ್ಲ ತಂತ್ರಾಂಶಕ್ಕೆ ಹಣ ಕೊಟ್ಟರೆ ಆ ಶಕ್ತಿಯನ್ನು ಬಳಸುವ ದಾರಿಯೇ ಇರುವುದಿಲ್ಲ. ಅಂಥವರು ಅದೇ ದುಡ್ಡಿನ ಒಂದು ಚೂರನ್ನು ರ‍್ಯಾಮ್‌ಗೆ ಹಾಕುವುದು ಮೇಲು.

ದುಡ್ಡು ಕೊಡದೆ ಸಿಗುವ ಸಾಧನಗಳು

ಓಪನ್‌ಫೋಮ್ ಜೊತೆಯಲ್ಲೇ ಮುಖ್ಯವಾಗಿ ಎರಡು ಮೆಶರ್‌ಗಳು, ಅಂದರೆ ಮೆಶ್ ತಯಾರಿಸುವ ತಂತ್ರಾಂಶಗಳು, ಬರುತ್ತವೆ. ಒಂದು ಬ್ಲಾಕ್‌ಮೆಶ್. ಇದರಲ್ಲಿ ಮೂಲೆಗಳ ನಿರ್ದೇಶಾಂಕಗಳನ್ನು ಕೈಯಿಂದಲೇ ಕಡತದಲ್ಲಿ ಬರೆದು ಹೆಕ್ಸ್ ಸೆಲ್‌ಗಳ ಕಟ್ಟುಗಳನ್ನು ಜೋಡಿಸಬೇಕು. ಕೊಳವೆ, ಡಕ್ಟ್, ಚ್ಯಾನೆಲ್ಲಿನಂಥ ಸರಳ ಆಕಾರಗಳಿಗೆ ಇದು ಕೊಡುವಷ್ಟು ಅಚ್ಚುಕಟ್ಟಾದ ಮೆಶ್ ಬೇರೆ ಕಡೆ ಸುಲಭವಾಗಿ ಸಿಗದು, ಆದರೆ ವಾಲ್ವಿನ ಬಾಡಿಗೆ ಇದರಿಂದ ಆಗುವುದಿಲ್ಲ.

ಇನ್ನೊಂದು ಸ್ನ್ಯಾಪಿಹೆಕ್ಸ್‌ಮೆಶ್. ಸ್ವತಂತ್ರವಾಗಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಕೊನೆಗೆ ಬಂದು ನಿಲ್ಲುವುದು ಇದರ ಬಳಿಯೇ. ಇದು ಮೂರು ಹಂತಗಳಲ್ಲಿ ಕೆಲಸ ಮಾಡುತ್ತದೆ. ಮೊದಲು ಇಡೀ ಜಾಗವನ್ನು ಒರಟಾದ ಘನಗಳಿಂದ ತುಂಬಿ, ಭಾಗದ ಮೇಲ್ಮೈಯ ಬಳಿ ಪ್ರತಿ ಘನವನ್ನು ಎಂಟಾಗಿ, ಮತ್ತೆ ಎಂಟಾಗಿ ಸೀಳುತ್ತ ಹೋಗುತ್ತದೆ. ಬಳಿಕ ಮೆಟ್ಟಿಲು ಮೆಟ್ಟಿಲಾಗಿ ಉಳಿದ ಅಂಚನ್ನು ನಿಜವಾದ ಮೇಲ್ಮೈಗೆ ಎಳೆದು ಕೂರಿಸುತ್ತದೆ. ಕೊನೆಗೆ ಗೋಡೆಯ ಪದರಗಳನ್ನು ಸೇರಿಸುತ್ತದೆ. ಮೊದಲೆರಡು ಹಂತಗಳನ್ನು ಇದು ಚೆನ್ನಾಗಿ ನಿಭಾಯಿಸುತ್ತದೆ. ಚೂಪಾದ ಅಂಚುಗಳನ್ನು ಮೊದಲೇ ಪ್ರತ್ಯೇಕವಾಗಿ ಗುರುತಿಸಿ ಕೊಡದಿದ್ದರೆ ಮಾತ್ರ ಅವು ಸವೆದಂತೆ ಮೊಂಡಾಗುತ್ತವೆ. ಮೂರನೆಯ ಹಂತ ಇದರ ದುರ್ಬಲ ಜಾಗ. ಮೂಲೆಗಳಲ್ಲಿ ಪದರ ಕುಸಿದು, ನೀವು ಕೇಳಿದ್ದು ಏಳಾದರೆ ಬಂದದ್ದು ಮೂರೋ ಸೊನ್ನೆಯೋ ಆಗಿರುತ್ತದೆ. ಓಟದ ಕೊನೆಯಲ್ಲಿ ಪ್ರತಿ ಮೇಲ್ಮೈಗೆ ಸರಾಸರಿ ಎಷ್ಟು ಪದರಗಳು ಬಂದವು, ಶೇಕಡಾ ಎಷ್ಟು ದಪ್ಪ ದಕ್ಕಿತು ಎಂಬ ಕೋಷ್ಟಕವನ್ನು ಅದೇ ಮುದ್ರಿಸುತ್ತದೆ. ಅದನ್ನು ಓದದೆ ಮುಂದೆ ಹೋಗಬಾರದು. ವಾಲ್ ಫಂಕ್ಷನ್ ಬಳಸುವ ಕೆಲಸಗಳಿಗೆ, ಅಂದರೆ ಮೂರರಿಂದ ಏಳು ಪದರ ಸಾಕಾಗುವಲ್ಲಿ, ಸ್ನ್ಯಾಪಿ ಧಾರಾಳವಾಗಿ ಸಾಕು. 25 ಪದರ ಬೇಕಾದಲ್ಲಿ ಅದರ ಜೊತೆ ಗುದ್ದಾಡಬೇಕಾಗುತ್ತದೆ.

ಸಿಎಫ್‌ಮೆಶ್ ಎಂಬ ಇನ್ನೊಂದು ಮುಕ್ತ ಮೆಶರ್ ಓಪನ್‌ಫೋಮ್‌ನ ಎರಡು ಶಾಖೆಗಳ ಪೈಕಿ ವರ್ಷ ಮತ್ತು ತಿಂಗಳಿನಿಂದ ಆವೃತ್ತಿಗಳನ್ನು ಎಣಿಸುವ ಶಾಖೆಯಲ್ಲಿ 2017ರ ಕೊನೆಯಿಂದ ಸೇರಿದೆ. ಇದರ ಸೆಟ್ಟಿಂಗ್‌ಗಳು ಸ್ನ್ಯಾಪಿಗಿಂತ ಬಹಳ ಕಡಿಮೆ. ಹೊಸಬರಿಗೆ ಮೊದಲ ದಿನವೇ ಒಂದು ಮೆಶ್ ಕೈಗೆ ಸಿಗುತ್ತದೆ. ಪದರಗಳೂ ಸಾಮಾನ್ಯವಾಗಿ ಅಖಂಡವಾಗಿ ಬರುತ್ತವೆ, ಆದರೆ ಇಕ್ಕಟ್ಟಾದ ಜಾಗದಲ್ಲಿ ಸೆಲ್‌ಗಳ ಗುಣಮಟ್ಟ ಕುಸಿಯುವುದನ್ನು ಗಮನಿಸುತ್ತಿರಬೇಕು.

ಜಿಮೆಶ್ ಬೆಲ್ಜಿಯಂನ ಕ್ರಿಸ್ಟೋಫ್ ಗ್ಯೂಜೇನ್ ಮತ್ತು ಜಾನ್-ಫ್ರಾಂಸ್ವಾ ರೆಮಾಕ್ಲ್ ಅವರು ಕಟ್ಟಿ ಬೆಳೆಸಿದ ಮುಕ್ತ ತಂತ್ರಾಂಶ. ಕ್ಯಾಡ್‌ನಿಂದ, ಅಂದರೆ ಭಾಗದ ಆಕಾರವನ್ನು ಕಂಪ್ಯೂಟರಿನಲ್ಲಿ ಬಿಡಿಸುವ ತಂತ್ರಾಂಶದಿಂದ, ಬಂದ ಸ್ಟೆಪ್ ಕಡತವನ್ನು ನೇರವಾಗಿ ಓದುತ್ತದೆ. ಆಕಾರವನ್ನೂ ಸೆಲ್ಲಿನ ಅಳತೆಯನ್ನೂ ಸ್ಕ್ರಿಪ್ಟಿನಲ್ಲಿ ಅಥವಾ ಪೈಥಾನ್‌ನಲ್ಲಿ ಬರೆದಿಡಬಹುದಾದ್ದರಿಂದ, ಒಂದೇ ಭಾಗದ ಹತ್ತು ಅಳತೆಗಳನ್ನು ಹೋಲಿಸಿ ನೋಡಬೇಕಾದ ಕೆಲಸಕ್ಕೆ ಇದು ಬಲು ಅನುಕೂಲ. ಎರಡು ಆಯಾಮದ ಮೆಶ್‌ಗೆ ನಾನು ಮೊದಲು ಹೇಳುವ ಹೆಸರು ಇದೇ. ಮೂರು ಆಯಾಮದಲ್ಲಿ ಟೆಟ್ರಾ ಚೆನ್ನಾಗಿ ಬರುತ್ತದೆ, ಜಟಿಲ ಆಕಾರಕ್ಕೆ ಗೋಡೆಯ ಪದರ ಹಾಕುವುದು ಮಾತ್ರ ಇದರ ಶಕ್ತಿಯಲ್ಲ. ಇಲ್ಲಿಂದ ಓಪನ್‌ಫೋಮ್‌ಗೆ ಮೆಶ್ ಒಯ್ಯುವಾಗ ಕಡತವನ್ನು ಹಳೆಯ 2ನೇ ಆವೃತ್ತಿಯ ನಮೂನೆಯಲ್ಲಿ ಉಳಿಸುವುದು ಕ್ಷೇಮ. ಈಗಿನ 4ನೇ ಆವೃತ್ತಿಯ ನಮೂನೆಯನ್ನು ಆ ಕಡೆಯ ಎಲ್ಲ ಆವೃತ್ತಿಗಳ ಪರಿವರ್ತಕವೂ ಓದುವುದಿಲ್ಲ.

ಸಲೋಮ್ ಫ್ರಾನ್ಸಿನ ವಿದ್ಯುತ್ ಸಂಸ್ಥೆ ಇಡಿಎಫ್ ಮತ್ತು ಅಲ್ಲಿನ ಅಣುಶಕ್ತಿ ಸಂಸ್ಥೆ ಸಿಇಎ ಸೇರಿ ಬೆಳೆಸಿದ್ದು. ಕಿಟಕಿ, ಮೆನು, ಮೌಸ್ ಇಲ್ಲದೆ ಕೆಲಸ ಮಾಡಲಾಗದವರಿಗೆ ಉಚಿತ ಸಾಧನಗಳ ಪೈಕಿ ಇದು ಹೆಚ್ಚು ಒಗ್ಗುತ್ತದೆ. ನೆಟ್‌ಜೆನ್ ಎಂಬ ಮುಕ್ತ ಮೆಶರ್ ಇದರೊಳಗೇ ಕೂತಿದ್ದು, ಟೆಟ್ರಾ ಸೆಲ್‌ಗಳ ಜೊತೆ ಗೋಡೆಯ ಪದರಗಳನ್ನು ಹಾಕುವ ಸೌಲಭ್ಯವೂ ಇದೆ. ಫ್ರೀಕ್ಯಾಡ್ ಎಂಬ ಉಚಿತ ಕ್ಯಾಡ್ ತಂತ್ರಾಂಶದ ಒಳಗಿನಿಂದಲೇ ಮೆಶ್ ಮಾಡಿ ಓಪನ್‌ಫೋಮ್ ಓಡಿಸಲು ಸಿಎಫ್‌ಡಿಒಎಫ್ ಎಂಬ ವರ್ಕ್‌ಬೆಂಚ್ ಕೂಡ ಉಂಟು.

ಇವುಗಳಲ್ಲಿ ಹಲವು ಲಿನಕ್ಸ್‌ನಲ್ಲಿ ಹೆಚ್ಚು ಸಲೀಸು. ವಿಂಡೋಸ್ ಬಿಡಲಾರದವರು ಅದರೊಳಗೇ ಉಬುಂಟು ಓಡಿಸುವ ಸೌಲಭ್ಯವನ್ನು ಬಳಸಬಹುದು. ಕಲಿಯುವುದಕ್ಕೆ ಐಐಟಿ ಬಾಂಬೆಯ ಫಾಸೀ ಯೋಜನೆ ಓಪನ್‌ಫೋಮ್ ಪಾಠಗಳನ್ನು ಉಚಿತವಾಗಿ ಕೊಡುತ್ತಿದೆ. ವಿಟಿಯು ಅಡಿಯ ಕಾಲೇಜುಗಳಲ್ಲಿ ಓದುತ್ತಿರುವವರು ಅಂತಿಮ ವರ್ಷದ ಪ್ರಾಜೆಕ್ಟಿಗೆ ಮೊದಲೇ ಇದನ್ನು ಶುರು ಮಾಡಿದರೆ ಅನುಕೂಲ. ಉಚಿತ ಎಂದರೂ ಸಮಯದ ಖರ್ಚು ಇದ್ದೇ ಇದೆ. ಸ್ನ್ಯಾಪಿಯ ಒಂದೊಂದು ಸೆಟ್ಟಿಂಗಿನ ಅರ್ಥ ಕೈವಶವಾಗುವವರೆಗೆ ಗಿರಾಕಿಗೆ ದಿನಾಂಕ ಹೇಳದಿರುವುದು ಒಳ್ಳೆಯದು.

ಮೆಶ್‌ಗೆ ಮೊದಲು ಆಕಾರದ ಶುದ್ಧಿ

ಮೆಶರ್ ಕೆಟ್ಟದ್ದೆಂದು ಜನ ದೂರುವ ಎಷ್ಟೋ ಸಂದರ್ಭಗಳಲ್ಲಿ ದೋಷ ಇರುವುದು ಅದಕ್ಕೆ ಕೊಟ್ಟ ಆಕಾರದಲ್ಲಿ. ಸ್ನ್ಯಾಪಿ ಮತ್ತು ಸಿಎಫ್‌ಮೆಶ್‌ಗೆ ಸಾಮಾನ್ಯವಾಗಿ ಕೊಡುವ ಎಸ್‌ಟಿಎಲ್ ಕಡತವು ಮೇಲ್ಮೈಯನ್ನು ಬರೀ ತ್ರಿಕೋನಗಳಾಗಿ ಹೇಳುತ್ತದೆ. ತ್ರಿಕೋನಗಳ ನಡುವೆ ಕೂದಲೆಳೆಯಷ್ಟು ಬಿರುಕಿದ್ದರೂ ಒಳಗು ಯಾವುದು, ಹೊರಗು ಯಾವುದು ಎಂದು ಮೆಶರ್‌ಗೆ ತಿಳಿಯದೆ ಹೋಗಬಹುದು. ಜೊತೆಗೆ ಆ ಕಡತದಲ್ಲಿ ಅಳತೆಯ ಮಾನ ಇರುವುದಿಲ್ಲ. ಕ್ಯಾಡ್‌ನಲ್ಲಿ ಮಿಲಿಮೀಟರಿನಲ್ಲಿ ಬರೆದ 100 ಎಂಬ ಅಂಕಿಯನ್ನು ಓಪನ್‌ಫೋಮ್ 100 ಮೀಟರ್ ಎಂದೇ ತಿಳಿಯುತ್ತದೆ; 0.001ರಿಂದ ಗುಣಿಸಿ ಇಳಿಸುವುದನ್ನು ಮರೆತರೆ ರೆನಾಲ್ಡ್ಸ್ ಸಂಖ್ಯೆಯೇ ಸಾವಿರ ಪಟ್ಟು ಏರಿಬಿಡುತ್ತದೆ. ಬಿರುಕು ಮುಚ್ಚಲು ಮೆಶ್‌ಲ್ಯಾಬ್, ಬ್ಲೆಂಡರ್ ಎರಡೂ ಉಚಿತ. ಬೋಲ್ಟಿನ ಎಳೆ, ಎರಕದ ಮೇಲೆ ಮೂಡಿಸಿದ ಪಾರ್ಟ್ ನಂಬರು ಮುಂತಾದ ಹರಿವಿಗೆ ಸಂಬಂಧವಿಲ್ಲದ ವಿವರಗಳನ್ನು ಕ್ಯಾಡ್‌ನಲ್ಲೇ ಅಳಿಸಬೇಕು.

ಲೈಸೆನ್ಸಿನ ವಿಚಾರ

ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನ ತಂತ್ರಾಂಶದಿಂದ ಮಾಡಿದ ಮೆಶ್ ನಿಮ್ಮದೇ. ಅದನ್ನು ಹಣಕ್ಕೆ ಕೊಡಬಹುದು, ಗುಟ್ಟಾಗಿಡಬಹುದು. ತಂತ್ರಾಂಶವನ್ನೇ, ತಿದ್ದಿಯೋ ತಿದ್ದದೆಯೋ, ಬೇರೆಯವರಿಗೆ ಹಂಚಿದಾಗ ಮಾತ್ರ ಮೂಲಸಂಕೇತವನ್ನೂ ಕೊಡುವ ಷರತ್ತು ಬರುತ್ತದೆ. ವಾಣಿಜ್ಯ ಕಂಪನಿಗಳು ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುವ ಆವೃತ್ತಿಗಳ ಕಥೆ ಬೇರೆ. ಆನ್ಸಿಸ್‌ನ ವಿದ್ಯಾರ್ಥಿ ಆವೃತ್ತಿಯೂ ಸೇರಿದಂತೆ ಅವು ಕಲಿಕೆಗೆ ಮಾತ್ರ, ಸೆಲ್‌ಗಳ ಸಂಖ್ಯೆಗೂ ಮಿತಿ ಇರುತ್ತದೆ. ದುಡ್ಡು ಪಡೆದು ಮಾಡುವ ಕೆಲಸಕ್ಕೆ ಅವನ್ನು ಬಳಸುವಂತಿಲ್ಲ. ಕೆಲವು ಕ್ಲೌಡ್ ಸೇವೆಗಳ ಉಚಿತ ಖಾತೆಯಲ್ಲಿ ಮಾಡಿದ ಕೆಲಸ ಎಲ್ಲರಿಗೂ ಕಾಣುವಂತಿರುತ್ತದೆ. ಗಿರಾಕಿಯ ಡ್ರಾಯಿಂಗ್ ಅಲ್ಲಿ ಏರಿಸುವ ಮುನ್ನ ಷರತ್ತುಗಳನ್ನು ಓದಬೇಕು.

ಕದ್ದ ಪ್ರತಿಗಳು ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಓಡಾಡುವುದು ಗುಟ್ಟೇನಲ್ಲ. ಕೃತಿಸ್ವಾಮ್ಯ ಕಾಯ್ದೆ, 1957ರ 63ಬಿ ಕಲಮಿನ ಪ್ರಕಾರ, ಕದ್ದದ್ದೆಂದು ತಿಳಿದೂ ಅಂಥ ತಂತ್ರಾಂಶವನ್ನು ಬಳಸಿದರೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ಇದೆ.

ಮೆಶ್ ಸರಿಯಿದೆ ಎಂದು ತಿಳಿಯುವುದು ಹೇಗೆ

ಯಾವ ಸಾಧನವನ್ನೇ ಆರಿಸಿ, ಮೊದಲ ಕೆಲಸವಾಗಿ ಉತ್ತರ ಮೊದಲೇ ಗೊತ್ತಿರುವ ಸಮಸ್ಯೆಯನ್ನು ಕೊಡಿ. ಮೇಲೆ ಹೇಳಿದ ಕೊಳವೆಗೆ ಘರ್ಷಣೆಯ ಸೂತ್ರದಿಂದ ಒಂದು ಮೀಟರ್ ಉದ್ದಕ್ಕೆ ಬರುವ ಒತ್ತಡ ನಷ್ಟ ಸುಮಾರು 310 ಪಾಸ್ಕಲ್. ಒಳಹೊಕ್ಕ ಹರಿವು ನೆಲೆಗೊಳ್ಳಲು ವ್ಯಾಸದ ಮೂವತ್ತು ಪಟ್ಟಿಗೂ ಹೆಚ್ಚು ಉದ್ದ ಬೇಕಾಗುವುದರಿಂದ ಐದು ಮೀಟರ್ ಕೊಳವೆಯನ್ನು ತೆಗೆದುಕೊಂಡು ಕೊನೆಯ ಮೀಟರಿನ ನಷ್ಟವನ್ನು ನೋಡಬೇಕು. ನಿಮ್ಮ ಮೆಶ್ 310ರ ಹತ್ತಿರ ಬಂದರೆ ಪದರಗಳು ಸರಿ ಕೂತಿವೆ ಎನ್ನಬಹುದು. 450 ಬಂದರೆ ವಾಲ್ವಿನ ಕೆಲಸಕ್ಕೆ ಕೈ ಹಾಕುವ ಕಾಲ ಇನ್ನೂ ಬಂದಿಲ್ಲ.

ಓಪನ್‌ಫೋಮ್‌ನ ಚೆಕ್‌ಮೆಶ್ ಆದೇಶ ಸೆಲ್‌ಗಳ ಗುಣಮಟ್ಟವನ್ನು ತಪಾಸಿಸುತ್ತದೆ. ಅಕ್ಕಪಕ್ಕದ ಸೆಲ್‌ಗಳ ನಡುಬಿಂದುಗಳನ್ನು ಕೂಡಿಸುವ ಗೆರೆ ಅವುಗಳ ನಡುವಿನ ಮುಖಕ್ಕೆ ಲಂಬವಾಗಿರಬೇಕು. ಲಂಬದಿಂದ 70 ಡಿಗ್ರಿಗಿಂತ ಹೆಚ್ಚು ಸರಿದರೆ ಅದು ಎಚ್ಚರಿಸುತ್ತದೆ. ಆ ಗೆರೆ ಮುಖದ ನಡುವಿನಿಂದ ಎಷ್ಟು ಪಕ್ಕಕ್ಕೆ ಹಾಯುತ್ತದೆ ಎಂಬ ಓರೆತನದ ಅಂಕಿ 4ನ್ನು ಮೀರಿದರೂ ಹಾಗೆಯೇ. ಲಕ್ಷಾಂತರ ಸೆಲ್‌ಗಳಲ್ಲಿ ನಾಲ್ಕಾರು ಮೀರಿದ್ದರೆ ಅವು ಎಲ್ಲಿವೆ ಎಂದು, ಮೆಶ್ ಮತ್ತು ಫಲಿತಾಂಶಗಳನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂ ತಂತ್ರಾಂಶದಲ್ಲಿ ನೋಡಿ. ಹರಿವು ಮಂದವಾಗಿರುವ ಮೂಲೆಯಲ್ಲಿದ್ದರೆ ಬಿಡಬಹುದು, ವಾಲ್ವಿನ ಸೀಟಿನಲ್ಲಿದ್ದರೆ ಬಿಡಬಾರದು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ: ಇನ್ನೂ ನವುರಾದ ಮೆಶ್ ಮಾಡಿದ್ದರೆ ಉತ್ತರ ಬದಲಾಗುತ್ತಿತ್ತೇ? ಇದಕ್ಕೆ ಒರಟು, ಮಧ್ಯಮ, ನವುರು ಎಂದು ಮೂರು ಮೆಶ್ ಮಾಡಿ, ಸೆಲ್ಲಿನ ಅಳತೆ ಒಂದರಿಂದ ಇನ್ನೊಂದಕ್ಕೆ ಕನಿಷ್ಠ 1.3 ಪಟ್ಟು ವ್ಯತ್ಯಾಸವಾಗುವಂತೆ ನೋಡಿಕೊಂಡು, ಮೂರರ ಒತ್ತಡ ನಷ್ಟವನ್ನೂ ಹೋಲಿಸುತ್ತಾರೆ. ಈ ಹೋಲಿಕೆಯಿಂದ ದೋಷದ ಅಂದಾಜನ್ನು ಶೇಕಡಾವಾರು ಹೇಳುವ ಕ್ರಮವನ್ನು ಪ್ಯಾಟ್ರಿಕ್ ರೋಚ್ 1994ರಲ್ಲಿ ಮುಂದಿಟ್ಟರು. ಇಂದಿಗೂ ಅದೇ ಹೆಚ್ಚು ಬಳಕೆಯಲ್ಲಿದೆ. ವಿಶ್ಲೇಷಣೆಯ ಒಳಹೊರಗು ಬಲ್ಲ ಗಿರಾಕಿ ವರದಿಯಲ್ಲಿ ಮೊದಲು ಹುಡುಕುವುದು ಈ ಮೂರು ಸಾಲಿನ ಕೋಷ್ಟಕವನ್ನು. ಮೆಶ್ ಯಾವ ತಂತ್ರಾಂಶದ್ದು ಎಂದು ಕೇಳುವುದು ಆಮೇಲೆ.

ಹಣ ಕೊಡಬೇಕಾದ ಸಂದರ್ಭ

ಪಾಯಿಂಟ್‌ವೈಸ್, ಆನ್ಸಾ, ಹೈಪರ್‌ಮೆಶ್, ಆನ್ಸಿಸ್‌ನ ಮೆಶರ್‌ಗಳು ಮುಂತಾದ ವಾಣಿಜ್ಯ ತಂತ್ರಾಂಶಗಳು ಬೇಕಾಗುವ ಕೆಲಸಗಳೂ ಇವೆ. ಪಂಪಿನ ಇಂಪೆಲ್ಲರಿನ ಎಲೆಗಳ ಸುತ್ತ 25 ಪದರಗಳು ಎಲ್ಲೂ ಮುರಿಯದಂತೆ ಬೇಕು, ಅದೂ ವಾರಕ್ಕೊಂದು ಹೊಸ ಆಕಾರಕ್ಕೆ ಬೇಕು ಎಂದಾಗ ಉಚಿತ ಸಾಧನದ ಜೊತೆ ಕಳೆಯುವ ಗಂಟೆಗಳ ಬೆಲೆ ಲೈಸೆನ್ಸಿನ ಬೆಲೆಯನ್ನು ಮೀರಬಹುದು. ಗಿರಾಕಿಯೇ ಇಂಥದೇ ತಂತ್ರಾಂಶದ ಕಡತ ಬೇಕೆಂದರೆ ಆಯ್ಕೆಯೇ ಇರುವುದಿಲ್ಲ. ಆಗ ಲೈಸೆನ್ಸಿನ ವೆಚ್ಚವನ್ನು ಕೊಟೇಶನ್ನಿನಲ್ಲೇ ಪ್ರತ್ಯೇಕ ಸಾಲಾಗಿ ತೋರಿಸಬೇಕು. ವರ್ಷದ ಬದಲು ತಿಂಗಳ ಲೆಕ್ಕದಲ್ಲಿ ಕೊಡುತ್ತಾರೆಯೇ, ಹೊಸ ಉದ್ಯಮಗಳಿಗೆ ರಿಯಾಯಿತಿ ಇದೆಯೇ ಎಂದು ಮಾರಾಟಗಾರರನ್ನು ಕೇಳಲು ಸಂಕೋಚ ಬೇಡ.

ಕೊಳ್ಳುವ ಮುನ್ನ ಕೆಲವು ದಿನಗಳ ಪ್ರಯೋಗದ ಲೈಸೆನ್ಸ್ ಕೇಳಿ ಪಡೆಯಬೇಕು. ಡೆಮೊಗೆ ಅವರು ತರುವ ಮಾದರಿ ಭಾಗ ಯಾವಾಗಲೂ ಚೆನ್ನಾಗಿಯೇ ಮೆಶ್ ಆಗುತ್ತದೆ. ನಿಮ್ಮಲ್ಲಿ ಸ್ನ್ಯಾಪಿಗೆ ಪದರ ಹಾಕಲಾಗದೆ ಉಳಿದ ಭಾಗದ ಸ್ಟೆಪ್ ಕಡತವನ್ನೇ ಕೊಟ್ಟು, ಅವರ ಸಹಾಯವಿಲ್ಲದೆ ನೀವೇ ಕೂತು ಮೆಶ್ ಮಾಡಿ, ಅದನ್ನು ಓಪನ್‌ಫೋಮ್‌ಗೆ ತಂದು ಚೆಕ್‌ಮೆಶ್ ಓಡಿಸಿ, ಎಷ್ಟು ಗಂಟೆ ಹಿಡಿಯಿತು ಎಂದು ಬರೆದಿಟ್ಟುಕೊಳ್ಳಿ. ಆ ಭಾಗದಂಥವು ವರ್ಷಕ್ಕೆ ಎಷ್ಟು ಬರುತ್ತವೆ ಎಂಬ ಅಂಕಿಯೊಂದಿಗೆ, ಉಚಿತ ಸಾಧನಕ್ಕಿಂತ ಉಳಿದ ಗಂಟೆಗಳನ್ನು ಗುಣಿಸಿ, ಆ ಗಂಟೆಗಳ ಬೆಲೆಯನ್ನು ಕೊಟೇಶನ್ನಿನ ಪಕ್ಕ ಇಟ್ಟು ನೋಡಿದ ಮೇಲೆ ಮುಂಗಡ ಕೊಡಬೇಕೋ ಬೇಡವೋ ಎಂದು ನಿರ್ಧರಿಸಬಹುದು.